2000 ಜನರ ವಿಆರ್ ಲೋಕಕ್ಕೆ ಡೇಟಾ ಸೆಂಟರ್: ಸರ್ವರ್, ನೆಟ್‌ವರ್ಕ್, ಕರೆಂಟ್, ಕೂಲಿಂಗ್ ಎಷ್ಟು ಬೇಕು?

ಕಲ್ಪಲೋಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೈಗಾರಿಕಾ ತರಬೇತಿಯ ವಿಆರ್ (ವರ್ಚುವಲ್ ರಿಯಾಲಿಟಿ) ಲೋಕವೊಂದಕ್ಕೆ ಡೇಟಾ ಸೆಂಟರ್ ಲೆಕ್ಕ ಹಾಕಬೇಕಿದೆ. ಏಕಕಾಲಕ್ಕೆ 2000 ಜನ, ರೂಮಿಗೆ 40 ಜನ, ಒಟ್ಟು 50 ರೂಮು. ಎಲ್ಲರಿಗೂ ಧ್ವನಿ ಇರಬೇಕು, ತಲೆ ಮತ್ತು ಎರಡೂ ಕೈಗಳ ಚಲನೆ ಎಲ್ಲರಿಗೂ ಕಾಣಬೇಕು. ಇವರಲ್ಲಿ 1800 ಜನರದು ಸ್ವತಂತ್ರ ಹೆಡ್‌ಸೆಟ್, ಚಿತ್ರ ಅದರಲ್ಲೇ ರೆಂಡರ್ ಆಗುತ್ತದೆ, ಅಂದರೆ ಅಲ್ಲೇ ಲೆಕ್ಕ ಹಾಕಿ ಬಿಡಿಸಲಾಗುತ್ತದೆ. ಉಳಿದ 200 ಜನ ಭಾರಿ ಯಂತ್ರಗಳ ಸಿಎಡಿ (ಕಂಪ್ಯೂಟರ್ ವಿನ್ಯಾಸದ) ಮಾಡೆಲ್ ಬಿಚ್ಚಿ ನೋಡುವವರು. ಅದು ಹೆಡ್‌ಸೆಟ್‌ನ ಚಿಪ್‌ಗೆ ಎಳೆಯುವುದಿಲ್ಲ, ಆದ್ದರಿಂದ ಸರ್ವರ್‌ನಲ್ಲಿ ರೆಂಡರ್ ಮಾಡಿ 90 ಹರ್ಟ್ಜ್ ವಿಡಿಯೊ ಕಳಿಸಬೇಕು.

ಎಲ್ಲವನ್ನೂ ಒಂದೇ ಜಾಗದಲ್ಲಿ ಇಡಬಹುದೇ, ಅಥವಾ ಬಳಕೆದಾರರ ಹತ್ತಿರ ಹಂಚಿಡಬೇಕೇ? ವೆಬ್ ಸರ್ವಿಸ್‌ನ ಹಾಗೆ ಲೋಡ್ ಬ್ಯಾಲೆನ್ಸರ್ (ಬಂದವರನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ನಿಲ್ಲಿಸಿದರೆ ನಡೆಯುತ್ತದೆಯೇ? ಎಐ ಕೆಲಸಕ್ಕೆಂದು ತಂದ ಎಚ್100 (ಎನ್‌ವಿಡಿಯಾದ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್) ಸರ್ವರ್‌ಗಳು ಬಿಡುವಾಗಿವೆ, ರೆಂಡರಿಂಗ್‌ಗೆ ಅವನ್ನೇ ಬಳಸಬಹುದೇ? ರ‍್ಯಾಕ್‌ಗೆ ಎಷ್ಟು ಕಿಲೋವ್ಯಾಟ್ ಇಟ್ಟುಕೊಳ್ಳಬೇಕು?

*

ಟಿಕ್‌ರೇಟ್:

ಜಿಪಿಯು ವಿಚಾರ ಸದ್ಯಕ್ಕೆ ಪಕ್ಕಕ್ಕಿಡಿ. ಸಿಮ್ಯುಲೇಶನ್ ಮತ್ತು ಧ್ವನಿ 2000 ಜನರಿಗೂ ಬೇಕು, ವಿಡಿಯೊ ಬೇಕಾದವರು ಹತ್ತರಲ್ಲಿ ಒಬ್ಬರು. ಈ ಮೂರು ಕೆಲಸಕ್ಕೂ ಬೇಕಾದ ಯಂತ್ರ ಬೇರೆ, ತಡೆದುಕೊಳ್ಳುವ ವಿಳಂಬ ಬೇರೆ, ಕೆಟ್ಟಾಗ ಕಾಣುವ ಲಕ್ಷಣವೂ ಬೇರೆ.

ಮೊದಲು ಸಿಮ್ಯುಲೇಶನ್, ಅಂದರೆ ರೂಮಿನಲ್ಲಿ ಯಾರು ಎಲ್ಲಿದ್ದಾರೆ ಎಂಬ ಲೆಕ್ಕ. ಒಂದು ಭಂಗಿಗೆ ಸ್ಥಾನದ 3 ಫ್ಲೋಟ್ (4 ಬೈಟ್‌ನ ದಶಮಾಂಶ ಸಂಖ್ಯೆ), ತಿರುವಿನ ಕ್ವಾಟರ್ನಿಯನ್‌ಗೆ 4 ಫ್ಲೋಟ್, ಒಟ್ಟು 28 ಬೈಟ್. ತಲೆ ಮತ್ತು ಎರಡು ಕೈ ಸೇರಿ 84 ಬೈಟ್. ಇದನ್ನು ಹಾಗೇ ಕಳಿಸಬೇಡಿ. ರೂಮಿನ ಉದ್ದ 60 ಮೀಟರ್ ಇದ್ದರೂ ಪ್ರತಿ ಅಕ್ಷಕ್ಕೆ 16 ಬಿಟ್ ಕೊಟ್ಟರೆ ಒಂದು ಮಿಲಿಮೀಟರ್‌ಗಿಂತ ಸೂಕ್ಷ್ಮವಾಗಿ ಸ್ಥಾನ ಸಿಗುತ್ತದೆ, ಅದಕ್ಕೆ 6 ಬೈಟ್ ಸಾಕು. ಕ್ವಾಟರ್ನಿಯನ್‌ನ ನಾಲ್ಕು ಅಂಶಗಳಲ್ಲಿ ದೊಡ್ಡದನ್ನು ಬಿಟ್ಟು ಉಳಿದ ಮೂರನ್ನು 32 ಬಿಟ್‌ನಲ್ಲಿ ಹಿಡಿಸಿ, ಬಿಟ್ಟದ್ದನ್ನು ಆ ಕಡೆ ಲೆಕ್ಕ ಹಾಕಿಕೊಳ್ಳಬಹುದು. ಒಂದು ಭಂಗಿ 10 ಬೈಟ್‌ಗೆ ಇಳಿಯಿತು, ಒಬ್ಬ ಮನುಷ್ಯ 30 ಬೈಟ್‌ಗೆ. ರೂಮಿನ ಉಳಿದ 39 ಜನ 1170 ಬೈಟ್. ಗುರುತಿನ ಸಂಖ್ಯೆಗಳೂ ಸೇರಿ 1200ರ ಆಸುಪಾಸು, ಅಂದರೆ ಟಿಕ್‌ಗೆ (ಸರ್ವರ್ ಲೋಕವನ್ನು ಒಮ್ಮೆ ಲೆಕ್ಕ ಹಾಕುವ ಸುತ್ತಿಗೆ) ಒಂದೇ ಯುಡಿಪಿ ಪ್ಯಾಕೆಟ್ (ಮರುಕಳಿಕೆಗೆ ಕಾಯದ ನೆಟ್‌ವರ್ಕ್ ಪೊಟ್ಟಣ). ನಿಮ್ಮ 40ರ ಮಿತಿ ಈ ದೃಷ್ಟಿಯಿಂದ ಬಹಳ ಒಳ್ಳೆಯ ಅಂಕಿ, ಅದನ್ನು ಸುಮ್ಮನೆ 60ಕ್ಕೆ ಏರಿಸಬೇಡಿ. ಸೆಕೆಂಡಿಗೆ 30 ಟಿಕ್ ಇಟ್ಟರೆ ಒಬ್ಬರಿಗೆ ಸುಮಾರು 290 ಕೆಬಿಪಿಎಸ್, 2000 ಜನರಿಗೆ 600 ಎಂಬಿಪಿಎಸ್ ಒಳಗೇ ಮುಗಿಯುತ್ತದೆ.

ಭಾರ ಬೀಳುವುದು ಧ್ವನಿಯ ಮೇಲೆ. ಓಪಸ್ ಕೋಡೆಕ್ (ದನಿ ಕುಗ್ಗಿಸುವ ವಿಧಾನ) 32 ಕೆಬಿಪಿಎಸ್, 20 ಮಿಲಿಸೆಕೆಂಡ್ ಫ್ರೇಮ್, ಅಂದರೆ ಒಬ್ಬರ ದನಿಗೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿ ಪ್ಯಾಕೆಟ್‌ಗೂ ಐಪಿ, ಯುಡಿಪಿ, ಆರ್‌ಟಿಪಿ, ಗೂಢಲಿಪಿ ಸೇರಿ 50 ಬೈಟ್ ಹೆಡರ್, ಆಗ ಅದು 52 ಕೆಬಿಪಿಎಸ್ ಆಗುತ್ತದೆ. ಹತ್ತಿರದ 10 ಜನರ ದನಿಯನ್ನಷ್ಟೇ ಪ್ರತಿಯೊಬ್ಬರಿಗೂ ಕಳಿಸಿದರೂ 2000 × 10 × 50, ಸೆಕೆಂಡಿಗೆ 10 ಲಕ್ಷ ಪ್ಯಾಕೆಟ್. ಬ್ಯಾಂಡ್‌ವಿಡ್ತ್ ನೋಡಿದರೆ ಒಂದು ಜಿಬಿಪಿಎಸ್ ಅಷ್ಟೇ, ಆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಏದುಸಿರು ಬಿಡುವುದು ಪ್ಯಾಕೆಟ್‌ಗಳ ಎಣಿಕೆಗೆ. ಪ್ಯಾಕೆಟ್‌ಗೊಂದು ಸಿಸ್ಟಂ ಕಾಲ್ (ಕರ್ನಲ್‌ಗೆ ಕರೆ) ಮಾಡುವ ಕೋಡ್ ಇದ್ದರೆ ಇಲ್ಲಿ ಕೈಕೊಡುತ್ತದೆ. ಸೆಂಡ್‌ಎಂಎಂಸ್ಗ್ (sendmmsg) ಬಳಸಿ ಗುಂಪಾಗಿ ಕಳಿಸಿ, ಮಾತಾಡದವರ ದನಿ ನಿಲ್ಲಿಸುವ ಡಿಟಿಎಕ್ಸ್ ಆನ್ ಇಡಿ. ದನಿಗಳನ್ನು ಸರ್ವರ್‌ನಲ್ಲಿ ಬೆರೆಸಲು ಹೋಗಬೇಡಿ. ಎಡ, ಬಲ, ದೂರದ ಲೆಕ್ಕ ಪ್ರತಿ ಕಿವಿಗೂ ಬೇರೆ, ಅದನ್ನು ಹೆಡ್‌ಸೆಟ್ ಮಾಡಿಕೊಳ್ಳಲಿ. ಸರ್ವರ್ ಬರೀ ಆಯ್ದು ಹಂಚಲಿ.

ಯಂತ್ರದ ಲೆಕ್ಕ: ರೂಮಿಗೊಂದು ಪ್ರೊಸೆಸ್, ಪ್ರೊಸೆಸ್‌ಗೊಂದು ಕೋರ್. ಸೆಕೆಂಡ್ ಲೈಫ್ ಕೂಡ 256 ಮೀಟರ್ ಚೌಕದ ಒಂದೊಂದು ಪ್ರದೇಶಕ್ಕೆ ಒಂದೊಂದು ಸಿಮ್ಯುಲೇಟರ್ ಪ್ರೊಸೆಸ್ ಎಂಬ ಕ್ರಮದಲ್ಲೇ ಬೆಳೆದದ್ದು. 32 ಕೋರ್‌ನ ಒಂಟಿ ಸಾಕೆಟ್ ಸರ್ವರ್‌ನಲ್ಲಿ 20 ರೂಮು ಇಡಿ, ಉಳಿದ ಕೋರ್‌ಗಳನ್ನು ನೆಟ್‌ವರ್ಕ್ ಇಂಟರಪ್ಟ್‌ಗೆ ಬಿಡಿ. 50 ರೂಮಿಗೆ 3 ಸರ್ವರ್, ಜೊತೆಗೆ ಮೀಸಲು ಒಂದು. ಧ್ವನಿಗೆ ಬೇರೆ 4. ಕೋರ್‌ಗಳ ಎಣಿಕೆಗಿಂತ ಒಂದು ಕೋರ್‌ನ ವೇಗ ಮುಖ್ಯ, ಏಕೆಂದರೆ ಒಂದು ಟಿಕ್ ಪೂರ್ತಿ 33 ಮಿಲಿಸೆಕೆಂಡ್‌ನಲ್ಲಿ ಮುಗಿಯಲೇಬೇಕು. ಬಯಾಸ್‌ನಲ್ಲಿ ಆಳದ ಸಿ-ಸ್ಟೇಟ್‌ಗಳನ್ನು (ಕೋರ್‌ನ ನಿದ್ದೆಯ ಹಂತಗಳು) ಆಫ್ ಮಾಡಿ, ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ 'ಪರ್ಫಾರ್ಮೆನ್ಸ್'ಗೆ ಹಾಕಿ. ಅರೆನಿದ್ದೆಯ ಕೋರ್ ಎದ್ದು ಕೆಲಸ ಹಿಡಿಯುವಷ್ಟರಲ್ಲಿ ಟಿಕ್‌ನ ಹೊತ್ತು ಏರುಪೇರಾಗುತ್ತದೆ. ಸರಾಸರಿ ಟಿಕ್ 12 ಮಿಲಿಸೆಕೆಂಡ್ ಎಂದು ನೆಮ್ಮದಿಯಿಂದ ಇರಬೇಡಿ, 99ನೇ ಶತಾಂಶ ನೋಡಿ, ಅಂದರೆ ನೂರರಲ್ಲಿ 99 ಟಿಕ್‌ಗಳು ಎಷ್ಟು ಹೊತ್ತಿನೊಳಗೆ ಮುಗಿಯುತ್ತವೆ ಎಂಬ ಅಂಕಿ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಈವ್ ಆನ್‌ಲೈನ್ ಆಟದಲ್ಲಿ ದೊಡ್ಡ ಕಾಳಗ ನಡೆದು ಸರ್ವರ್ ತತ್ತರಿಸಿದಾಗ ಆಟದ ಕಾಲವನ್ನೇ 10 ಶೇಕಡದವರೆಗೆ ನಿಧಾನ ಮಾಡುತ್ತಾರೆ. ವಿಆರ್‌ನಲ್ಲಿ ಆ ದಾರಿಯೇ ಇಲ್ಲ. ಕೈ ಬಳಕೆದಾರನದು, ಅದು ತನ್ನ ವೇಗದಲ್ಲೇ ಚಲಿಸುತ್ತದೆ. ಆದ್ದರಿಂದ ಸಾಮರ್ಥ್ಯ ಮೀರುವ ಮುನ್ನವೇ ಹೊಸಬರನ್ನು ಇನ್ನೊಂದು ರೂಮಿಗೆ ಕಳಿಸುವ ವ್ಯವಸ್ಥೆ ಇರಬೇಕು.

ಲೋಡ್ ಬ್ಯಾಲೆನ್ಸರ್ ಲಾಗಿನ್‌ಗೆ, ರೂಮು ಹುಡುಕುವ ಎಪಿಐಗೆ ಇರಲಿ. ರೂಮು ಸಿಕ್ಕ ಮೇಲೆ ಸರ್ವರ್‌ನ ಐಪಿ ಮತ್ತು ಪೋರ್ಟ್ ನೇರ ಹೆಡ್‌ಸೆಟ್‌ಗೆ ಕೊಡಿ. ಕುಬರ್ನೆಟಿಸ್ (ಸರ್ವರ್ ಪ್ರೋಗ್ರಾಂಗಳನ್ನು ನಿರ್ವಹಿಸುವ ವ್ಯವಸ್ಥೆ) ಇದ್ದರೆ ಅದರ ಮೇಲೆ ಆಟದ ಸರ್ವರ್‌ಗಳಿಗೆಂದೇ ಇರುವ ಅಗೋನ್ಸ್ ಹಾಕಿ. ಜನ ಇರುವ ರೂಮನ್ನು 'ಅಲೊಕೇಟೆಡ್' ಎಂದು ಗುರುತಿಸುವುದರಿಂದ ಹೊಸ ಆವೃತ್ತಿ ಬಿಡುವಾಗ ಅದು ಮಧ್ಯದಲ್ಲೇ ಸಾಯುವುದಿಲ್ಲ.

*

ಫೈಬರ್‌ದಾರಿ:

ಟಿಕ್‌ರೇಟ್ ಅವರ ಲೆಕ್ಕ ಸರಿ ಇದೆ. ಜಾಗದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 100 ಕಿಲೋಮೀಟರ್ ಹೋಗಿ ಬರಲು 1 ಮಿಲಿಸೆಕೆಂಡ್. ಇದಕ್ಕಿಂತ ಕಡಿಮೆ ಮಾಡುವ ಸ್ವಿಚ್ ಯಾರೂ ಮಾರುವುದಿಲ್ಲ. ಸಿಮ್ಯುಲೇಶನ್‌ಗೆ ಹೋಗಿಬರುವ ಸಮಯ 80 ಮಿಲಿಸೆಕೆಂಡ್ ಇದ್ದರೂ ಇಂಟರ್‌ಪೊಲೇಶನ್ (ಎರಡು ಸ್ಥಾನಗಳ ನಡುವಿನದನ್ನು ಲೆಕ್ಕ ಹಾಕಿ ತುಂಬುವುದು) ಸಂಭಾಳಿಸುತ್ತದೆ, ಎದುರಿನವರ ಕೈ ಕೊಂಚ ತಡವಾಗಿ ಏಳುತ್ತದೆ ಅಷ್ಟೇ. ಆದ್ದರಿಂದ ಅದನ್ನೂ ಧ್ವನಿಯನ್ನೂ ಒಂದೇ ಕೇಂದ್ರದಲ್ಲಿ ಇಡಬಹುದು.

ರೆಂಡರಿಂಗ್ ಹಾಗಲ್ಲ. ತಲೆ ತಿರುಗಿಸಿದಾಗಿನಿಂದ ಬೆಳಕು ಕಣ್ಣಿಗೆ ಬೀಳುವವರೆಗೆ 20 ಮಿಲಿಸೆಕೆಂಡ್ ಎನ್ನುವುದು ಎಲ್ಲರೂ ಒಪ್ಪುವ ಗುರಿ. ದೂರದ ರೆಂಡರಿಂಗ್‌ನಲ್ಲಿ ಕೂಡಿಸಿ ನೋಡಿ: ನೆಟ್‌ವರ್ಕ್ ಹೋಗಿಬರಲು 15, ಚಿತ್ರ ಬಿಡಿಸಲು 11, ಎನ್‌ಕೋಡ್ (ವಿಡಿಯೊ ಕುಗ್ಗಿಸುವುದು) 5, ಡಿಕೋಡ್ (ಮತ್ತೆ ಹಿಗ್ಗಿಸುವುದು) 7, ಪರದೆಗೆ 8. ಒಟ್ಟು 46 ಆಯಿತು. ಹೆಡ್‌ಸೆಟ್ ಕೊನೇ ಗಳಿಗೆಯಲ್ಲಿ ಚಿತ್ರವನ್ನು ತಲೆಯ ಈಗಿನ ದಿಕ್ಕಿಗೆ ಹೊರಳಿಸುವುದರಿಂದ ತಿರುವಿನ ತಪ್ಪು ಮುಚ್ಚಿಹೋಗುತ್ತದೆ. ಮುಂದೆ ಬಾಗಿದಾಗ, ಕೈಯಲ್ಲಿ ಉಪಕರಣ ಹಿಡಿದಾಗ ಮಾತ್ರ ಅದು ಸಾಲದು: ಹಿಡಿದ ಸ್ಪ್ಯಾನರ್ ಕೈಯ ಹಿಂದೆ ತೇಲಿದಂತೆ ಕಾಣುತ್ತದೆ. ತಲೆ ರಭಸದಿಂದ ತಿರುಗಿಸಿದರೆ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ, ಅದಕ್ಕೆ ನೋಟದ ಕೋನಕ್ಕಿಂತ ಸ್ವಲ್ಪ ಅಗಲವಾಗಿ ರೆಂಡರ್ ಮಾಡಬೇಕು. ನೆಟ್‌ವರ್ಕ್‌ಗೆ 20 ಮಿಲಿಸೆಕೆಂಡ್‌ಗಿಂತ ಹೆಚ್ಚು ಕೊಡಬೇಡಿ. ಅದರಲ್ಲಿ ವೈಫೈ ಮತ್ತು ಕೊನೆಯ ಮೈಲಿ ಅರ್ಧ ತಿನ್ನುತ್ತವೆ. ಉಳಿದ 10ಕ್ಕೆ ಕಾಗದದ ಮೇಲೆ 1000 ಕಿಲೋಮೀಟರ್, ಆದರೆ ಫೈಬರ್ ನೇರವಾಗಿ ಹೋಗುವುದಿಲ್ಲ, ನಡುವೆ ರೂಟರ್‌ಗಳಿವೆ. 400-500 ಕಿಲೋಮೀಟರ್ ಒಳಗೆ ಇಡಿ. ಬಳಕೆದಾರರು ಚದುರಿದ್ದರೆ ಜಿಪಿಯುಗಳೂ ಎರಡು ಮೂರು ಕಡೆ ಚದುರಬೇಕು.

ಪರೀಕ್ಷೆಯಲ್ಲಿ ಸಿಗದೆ ಚಾಲನೆಯಲ್ಲಿ ಕಾಡುವ ತೊಂದರೆಯೊಂದಿದೆ. 100 ಎಂಬಿಪಿಎಸ್ ಎಂದರೆ ಜನ ಸಮನಾಗಿ ಹರಿಯುವ ನೀರು ಎಂದುಕೊಳ್ಳುತ್ತಾರೆ. 90 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ 139 ಕಿಲೋಬೈಟ್, 1200 ಬೈಟ್‌ನ 116 ಪ್ಯಾಕೆಟ್. ಎನ್‌ಕೋಡರ್ ಮುಗಿಸಿದ ತಕ್ಷಣ 25 ಗಿಗಾಬಿಟ್ ಕಾರ್ಡ್ ಅದನ್ನು 44 ಮೈಕ್ರೋಸೆಕೆಂಡ್‌ನಲ್ಲಿ ಹೊರಗೆ ಎಸೆಯುತ್ತದೆ. ಮುಂದೆ ಎಲ್ಲೋ 1 ಗಿಗಾಬಿಟ್ ಲಿಂಕ್, ಕಿರಿದಾದ ಬಫರ್. ಬಾಲದ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಗ್ರಾಫ್‌ನಲ್ಲಿ ಲಿಂಕ್ 15 ಶೇಕಡ ಬಳಕೆ ಎಂದು ತೋರಿಸುತ್ತಿರುತ್ತದೆ, ಆದರೂ ಚಿತ್ರ ಹರಿದು ಚಿಂದಿಯಾಗುತ್ತಿರುತ್ತದೆ. ನಷ್ಟ ಬರೀ 0.1 ಶೇಕಡ ಇದ್ದರೂ 116 ಪ್ಯಾಕೆಟ್‌ನ ಫ್ರೇಮ್‌ಗಳಲ್ಲಿ ಸುಮಾರು 11 ಶೇಕಡಕ್ಕೆ ಪೆಟ್ಟು ಬೀಳುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಫ್ರೇಮ್.

ಪರಿಹಾರ: ಲಿನಕ್ಸ್‌ನಲ್ಲಿ 'ಎಫ್‌ಕ್ಯೂ' ಕ್ಯೂ ಹಾಕಿ, ಸಾಕೆಟ್‌ಗೆ ಪೇಸಿಂಗ್ ಮಿತಿ (ಕಳಿಸುವ ವೇಗದ ಮಿತಿ) ಕೊಟ್ಟು ಒಂದು ಫ್ರೇಮನ್ನು 4-5 ಮಿಲಿಸೆಕೆಂಡ್‌ಗೆ ಹರಡಿ. ಒಂದೇ ಸರ್ವರ್‌ನ ಬಳಕೆದಾರರ ಫ್ರೇಮ್‌ಗಳು ಒಂದೇ ಗಳಿಗೆಗೆ ಶುರುವಾಗದಂತೆ ಹಿಂದೆಮುಂದೆ ಮಾಡಿ. ಕಳೆದ ಪ್ಯಾಕೆಟ್ ಮತ್ತೆ ಕೇಳಿ ತರಿಸುವಷ್ಟು ಹೊತ್ತು ಇರುವುದಿಲ್ಲ, ಆದ್ದರಿಂದ 10-20 ಶೇಕಡ ಎಫ್‌ಇಸಿ (ಕಳೆದದ್ದನ್ನು ಆ ಕಡೆಯೇ ಮರಳಿ ಕಟ್ಟಲು ಬೇಕಾದ ಹೆಚ್ಚುವರಿ ಮಾಹಿತಿ) ಸೇರಿಸಿ. ಫ್ರೇಮ್ ಕೆಟ್ಟಾಗ ಪೂರ್ತಿ ಕೀಫ್ರೇಮ್ (ಹಿಂದಿನದನ್ನು ನೆಚ್ಚದ ಇಡೀ ಚಿತ್ರ) ಕೇಳುವ ಸೆಟ್ಟಿಂಗ್ ಬೇಡವೇ ಬೇಡ. ಕೀಫ್ರೇಮ್ ಇನ್ನೂ ದೊಡ್ಡದು, ಅದು ಬಂದು ಅದೇ ಬಫರ್‌ಗೆ ಬಡಿದು ಮತ್ತಷ್ಟು ಕಳೆದುಹೋಗುತ್ತದೆ, ಮತ್ತೆ ಕೀಫ್ರೇಮ್ ಕೇಳುತ್ತದೆ. ಇಂಟ್ರಾ ರಿಫ್ರೆಶ್ (ಚಿತ್ರವನ್ನು ತುಂಡುತುಂಡಾಗಿ ಹೊಸದು ಮಾಡುವುದು) ಬಳಸಿ, ಮುಂದಿನ ಫ್ರೇಮ್‌ಗೆ ಕಾಯುವ ಬಿ-ಫ್ರೇಮ್ ಆಫ್, ಸ್ಥಿರ ಬಿಟ್‌ರೇಟ್, ಫ್ರೇಮಿನ ಗಾತ್ರ ಹಿಡಿದಿಡುವ ವಿಬಿವಿ ಬಫರ್ ಒಂದೇ ಫ್ರೇಮಿನಷ್ಟು.

ಹೊರಗಿನ ಲಿಂಕ್: 200 × 100 ಎಂಬಿಪಿಎಸ್ ಎಂದರೆ 20 ಜಿಬಿಪಿಎಸ್. ಇಬ್ಬರು ಪೂರೈಕೆದಾರರಿರಲಿ, ಒಬ್ಬರು ಬಿದ್ದರೆ ಇನ್ನೊಬ್ಬರೇ ಪೂರ್ತಿ 20 ಹೊರುವಂತಿರಲಿ. ಇಬ್ಬರ ಕೇಬಲ್ಲೂ ಒಂದೇ ಡಕ್ಟ್‌ನಲ್ಲಿ ಕಟ್ಟಡಕ್ಕೆ ಬರುತ್ತಿಲ್ಲ ಎಂದು ನಕ್ಷೆ ತರಿಸಿ ನೋಡಿ.

ಇನ್ನೊಂದು, ಫೈರ್‌ವಾಲ್. ಯುಡಿಪಿ ಹರಿವನ್ನು ಕನೆಕ್ಷನ್ ಟ್ರ್ಯಾಕಿಂಗ್ (ಪ್ರತಿ ಸಂಪರ್ಕವನ್ನೂ ಪಟ್ಟಿಯಲ್ಲಿ ಬರೆದಿಡುವುದು) ಮೂಲಕ ಹಾಯಿಸಬೇಡಿ. ಪಟ್ಟಿ ತುಂಬಿದ ಕ್ಷಣದಿಂದ ಹೊಸಬರ ಪ್ಯಾಕೆಟ್ ಸದ್ದಿಲ್ಲದೆ ಬೀಳುತ್ತದೆ, ಒಳಗಿದ್ದವರಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ಕಾರಣ ಹುಡುಕುವುದು ಕಷ್ಟ. ಆ ಪೋರ್ಟ್‌ಗಳಿಗೆ ನೋಟ್ರ್ಯಾಕ್ ನಿಯಮ ಹಾಕಿ.

*

ತಂಪುಸಾಲು:

ಎಚ್100 ಆಗುವುದಿಲ್ಲ. ಅದರಲ್ಲಿ ವಿಡಿಯೊ ಎನ್‌ಕೋಡರ್ ಯಂತ್ರಾಂಶವೇ ಇಲ್ಲ, ಎ100ರಲ್ಲೂ ಇಲ್ಲ. ಡಿಕೋಡರ್ ಇರುವುದು ನೋಡಿ ಜನ ಮೋಸಹೋಗುತ್ತಾರೆ. ಅದರ ಮೇಲೆ ಎಚ್100ರಲ್ಲಿ ಶೇಡರ್ (ಬಣ್ಣ, ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಓಡಿಸಿ ಚಿತ್ರ ಬಿಡಿಸಬಲ್ಲ ಟಿಪಿಸಿ ಘಟಕಗಳು ಎರಡೇ, ಉಳಿದದ್ದೆಲ್ಲ ಬರೀ ಕಂಪ್ಯೂಟ್. ಅವುಗಳನ್ನು ಎಐಗೇ ಬಿಡಿ. ನಿಮಗೆ ಸರಿಹೋಗುವುದು ಎಲ್40ಎಸ್ ಥರದ ಕಾರ್ಡ್: 48 ಜಿಬಿ ಮೆಮೊರಿ, ಎವಿ1 (ವಿಡಿಯೊ ಕುಗ್ಗಿಸುವ ವಿಧಾನ) ಸಹಿತ 3 ಎನ್‌ಕೋಡರ್, 350 ವ್ಯಾಟ್. ಹಗುರ ಮಾಡೆಲ್‌ಗಳಿಗೆ ಎಲ್4 ಇದೆ, 24 ಜಿಬಿ, 72 ವ್ಯಾಟ್. ಆದರೆ ಭಾರಿ ಸಿಎಡಿಗೆ ಅದು ಸಾಲದು.

ಎಲ್40ಎಸ್‌ಗೆ ಇಬ್ಬರು ಎಂದು ಲೆಕ್ಕ ಶುರುಮಾಡಿ, ನಿಮ್ಮ ಅತಿ ಭಾರದ ಮಾಡೆಲ್ ಹಾಕಿ ಅಳೆದ ಮೇಲೆ ಬದಲಿಸಿ. 200 ಜನಕ್ಕೆ 100 ಕಾರ್ಡ್. ಸರ್ವರ್‌ಗೆ 8 ಕಾರ್ಡ್ ಎಂದರೆ 13 ಸರ್ವರ್, ಮೀಸಲು 2 ಸೇರಿ 15. ಪ್ರತಿ ಸರ್ವರ್‌ಗೆ ಜಿಪಿಯು 2.8 ಕಿಲೋವ್ಯಾಟ್, ಸಿಪಿಯು, ಫ್ಯಾನ್, ಕಾರ್ಡ್‌ಗಳು ಸೇರಿ 4 ಕಿಲೋವ್ಯಾಟ್ ಹಿಡಿಯಿರಿ. ಒಟ್ಟು 60.

ರ‍್ಯಾಕ್‌ಗೆ 4 ಸರ್ವರ್, 16 ಕಿಲೋವ್ಯಾಟ್, ನಾಲ್ಕು ರ‍್ಯಾಕ್. 400 ವೋಲ್ಟ್, 32 ಆಂಪಿಯರ್, ಮೂರು ಫೇಸ್ ಫೀಡ್ ಎಂದರೆ 22 ಕಿಲೋವ್ಯಾಟ್. ನಿರಂತರ ಲೋಡ್‌ಗೆ 80 ಶೇಕಡ ಹಿಡಿದರೆ 17.7. ಎ, ಬಿ ಎರಡು ಫೀಡ್ ಇದೆಯಲ್ಲ, 35 ಕಿಲೋವ್ಯಾಟ್ ಹಾಕಬಹುದು ಎಂದುಕೊಂಡರೆ ಕೆಟ್ಟಿತು. ಎ ಹೋದ ಕ್ಷಣ ಇಡೀ ರ‍್ಯಾಕ್ ಬಿ ಮೇಲೆ ಬೀಳುತ್ತದೆ, ಬಿ ಬ್ರೇಕರ್ ಕೂಡ ಹಾರುತ್ತದೆ. ಎಂದಿನ ದಿನಗಳಲ್ಲಿ ಪ್ರತಿ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಘಟಕ) ತನ್ನ ಮಿತಿಯ 40 ಶೇಕಡ ದಾಟಬಾರದು, ಅದೂ ಫೇಸ್‌ವಾರು. ಮೂರು ಫೇಸ್‌ನ ಮೊತ್ತ ಸರಿ ಇದ್ದು ಒಂದು ಫೇಸ್ ಮಾತ್ರ ತುಂಬಿರುವುದು ಬಹಳ ಸಾಮಾನ್ಯ. ಪವರ್ ಸಪ್ಲೈಗಳಿಗೆ ಸಿ19 ಸಾಕೆಟ್ ಬೇಕು, ಸಿ13 ಬರೀ 10 ಆಂಪಿಯರ್.

ಈಗ ಗಾಳಿ. 16 ಕಿಲೋವ್ಯಾಟ್ ಶಾಖವನ್ನು 12 ಡಿಗ್ರಿ ಏರಿಕೆಯಲ್ಲಿ ಹೊರಹಾಕಲು ಸೆಕೆಂಡಿಗೆ 1.1 ಘನಮೀಟರ್ ಗಾಳಿ ಬೇಕು. ನೆಲದ ಒಂದು ತೂತಿನ ಟೈಲ್ ಸಾಮಾನ್ಯವಾಗಿ ಅದರ ಕಾಲು ಭಾಗ ಕೊಟ್ಟರೆ ಹೆಚ್ಚು. ಆದ್ದರಿಂದ ರ‍್ಯಾಕ್‌ಗಳ ನಡುವೆ ಇನ್-ರೋ ಕೂಲರ್ ಅಥವಾ ಹಿಂಬಾಗಿಲಲ್ಲಿ ತಣ್ಣೀರಿನ ಕಾಯಿಲ್, ಎರಡರಲ್ಲಿ ಒಂದು ಇರಲೇಬೇಕು. ಒಟ್ಟು 60 ಕಿಲೋವ್ಯಾಟ್‌ಗೆ 17 ಟನ್ ಕೂಲಿಂಗ್, ಮೀಸಲು ಬೇರೆ. ಈ ಸಾಂದ್ರತೆಗೆ ಚಿಪ್‌ಗೆ ನೇರ ದ್ರವ ಕೊಡುವ ಅಗತ್ಯ ಇನ್ನೂ ಬಂದಿಲ್ಲ.

ಖಾಲಿ ಯು ಜಾಗಗಳಿಗೆಲ್ಲ (ಸರ್ವರ್ ಕೂರಿಸುವ ಅಂತಸ್ತುಗಳು) ಬ್ಲ್ಯಾಂಕಿಂಗ್ ಪ್ಯಾನೆಲ್ (ಮುಚ್ಚುವ ಹಲಗೆ) ಹಾಕಿ. ಎಲ್40ಎಸ್‌ಗೆ ಸ್ವಂತ ಫ್ಯಾನ್ ಇಲ್ಲ, ಸರ್ವರ್‌ನ ಫ್ಯಾನೇ ಗತಿ. ಬಿಸಿಗಾಳಿ ಸುತ್ತಿಬಂದು ಮುಂದಿನಿಂದ ಮತ್ತೆ ಒಳಹೊಕ್ಕರೆ ಕಾರ್ಡ್ ತನ್ನ ಕ್ಲಾಕ್ ಇಳಿಸಿಕೊಳ್ಳುತ್ತದೆ. 10 ಮಿಲಿಸೆಕೆಂಡ್‌ನ ಫ್ರೇಮ್ 12 ಆಗುತ್ತದೆ, 90 ಹರ್ಟ್ಜ್‌ನ 11.1ರ ಗಡಿ ದಾಟುತ್ತದೆ. ಯಾವ ಸರ್ವಿಸ್ಸೂ ಬೀಳುವುದಿಲ್ಲ, ಯಾವ ಅಲಾರಮ್ಮೂ ಕೂಗುವುದಿಲ್ಲ. ಹೆಡ್‌ಸೆಟ್ ಹಾಕಿಕೊಂಡವರಿಗೆ ಮಾತ್ರ ತಲೆಸುತ್ತು, ವಾಕರಿಕೆ. ಒಳಬರುವ ಗಾಳಿ ಆಶ್ರೇ (ಅಮೆರಿಕದ ಕೂಲಿಂಗ್ ಎಂಜಿನಿಯರುಗಳ ಸಂಘ) ಶಿಫಾರಸಿನ 18ರಿಂದ 27 ಡಿಗ್ರಿ ಒಳಗೆ ಇದೆಯೇ ಎಂದು ರ‍್ಯಾಕ್‌ನ ತಳ, ನಡು, ತಲೆ ಮೂರೂ ಕಡೆ ಸೆನ್ಸರ್ ಇಟ್ಟು ನೋಡಿ. ಕೆಡುವುದು ಯಾವಾಗಲೂ ತಲೆಯ ಕಡೆ.

ಯುಪಿಎಸ್ ವಿಷಯದಲ್ಲಿ ಎಲ್ಲರೂ ಮರೆಯುವ ಸಂಗತಿ: ಕರೆಂಟ್ ಹೋದಾಗ ಸರ್ವರ್‌ಗಳು ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತವೆ, ಚಿಲ್ಲರ್ ಮಾತ್ರ ನಿಂತಿರುತ್ತದೆ. ಜನರೇಟರ್ ಬಂದ ಮೇಲೂ ಅದು ಮತ್ತೆ ಶುರುವಾಗಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ 16 ಕಿಲೋವ್ಯಾಟ್‌ನ ರ‍್ಯಾಕ್ ಕಾದುಬಿಡುತ್ತದೆ. ಕೂಲರ್ ಫ್ಯಾನ್ ಮತ್ತು ನೀರಿನ ಪಂಪ್‌ಗಳನ್ನು ಯುಪಿಎಸ್ ಮೇಲೆ ಹಾಕಿ, ತಣ್ಣೀರಿನ ಬಫರ್ ಟ್ಯಾಂಕ್ ಇಡಿ.

*

ಗಡಿಕ್ಯಾಷ್:

ಮೇಲಿನ ಉತ್ತರಗಳು ಚೆನ್ನಾಗಿವೆ, ಆದರೆ 100 ಜಿಪಿಯು ಕೊಳ್ಳುವ ಮುನ್ನ ಆ 200ರ ಸಂಖ್ಯೆಯನ್ನೇ ಕೆಣಕಿ ನೋಡಿ. ಸಿಎಡಿ ಮಾಡೆಲ್‌ನಲ್ಲಿ ಬೋಲ್ಟ್‌ನ ಒಳ ಎಳೆ, ಮುಚ್ಚಿದ ಕವಚದೊಳಗಿನ ಭಾಗ ಎಲ್ಲವೂ ತ್ರಿಕೋನಗಳಾಗಿ ಬಂದಿರುತ್ತವೆ. ಹೊರಗಿನಿಂದ ಕಾಣದ್ದನ್ನು ತೆಗೆದು, ಒಂದೇ ಥರದ ಬೋಲ್ಟ್‌ಗಳನ್ನು ಇನ್‌ಸ್ಟೆನ್ಸಿಂಗ್‌ಗೆ (ಒಂದನ್ನೇ ಹಲವೆಡೆ ಮರುಬಳಸುವುದು) ಒಳಪಡಿಸಿ, ದೂರಕ್ಕೆ ಎಲ್‌ಒಡಿ (ವಿವರ ಕಡಿಮೆ ಮಾಡಿದ ರೂಪ) ಮಾಡಿ, ಟೆಕ್ಸ್ಚರ್‌ಗಳನ್ನು ಕುಗ್ಗಿಸಿದ ರೂಪವಾದ ಕೆಟಿಎಕ್ಸ್2ಕ್ಕೆ ಇಳಿಸಿದರೆ ಎಷ್ಟೋ ಮಾಡೆಲ್‌ಗಳು ಹೆಡ್‌ಸೆಟ್‌ನಲ್ಲೇ ಓಡುತ್ತವೆ. ಉಳಿದವಕ್ಕೆ ಮಾತ್ರ ದೂರದ ರೆಂಡರಿಂಗ್ ಇಡಿ. ತಗ್ಗಿದ ಪ್ರತಿ ಕಾರ್ಡಿನ ಜೊತೆ ಕರೆಂಟು, ಕೂಲಿಂಗು, ಲಿಂಕು ಎಲ್ಲವೂ ತಗ್ಗುತ್ತವೆ.

ಫೈಲ್ ಹಂಚಿಕೆಯನ್ನು ಯಾರೂ ಮುಟ್ಟಲಿಲ್ಲ. ಲೋಕ 300 ಎಂಬಿ ಇದ್ದು, ತರಗತಿ ಶುರುವಾಗುವ 10 ನಿಮಿಷದಲ್ಲಿ 2000 ಜನ ಬಂದರೆ 600 ಜಿಬಿ, ಅಂದರೆ 8 ಜಿಬಿಪಿಎಸ್. ಇದು ಧ್ವನಿ, ಚಲನೆ ಎರಡೂ ಸೇರಿದ್ದಕ್ಕಿಂತ ಹಲವು ಪಟ್ಟು ಹೆಚ್ಚು, ಅದೇ ಲಿಂಕ್‌ನಲ್ಲಿ ಬಿಟ್ಟರೆ ಧ್ವನಿ ಕಡಿಯುತ್ತದೆ. ಸಿಡಿಎನ್‌ಗೆ (ಬಳಕೆದಾರರ ಹತ್ತಿರ ಫೈಲಿನ ಪ್ರತಿ ಇಟ್ಟು ಹಂಚುವ ಜಾಲ) ತಳ್ಳಿ. ಫೈಲ್ ಹೆಸರಿನಲ್ಲೇ ಹ್ಯಾಷ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಇರಲಿ, ಆಗ ಕ್ಯಾಷ್‌ಗೆ ಅವಧಿಯ ಮಿತಿ ಬೇಕಿಲ್ಲ. ಹೊಸ ಆವೃತ್ತಿ ಬಿಡುವ ಹಿಂದಿನ ದಿನವೇ ಕ್ಯಾಷ್ ಬೆಚ್ಚಗೆ ಮಾಡಿ. ಇಲ್ಲದಿದ್ದರೆ ಸಿಡಿಎನ್‌ನ ಎಲ್ಲ ಅಂಚುಗಳೂ ಒಟ್ಟಿಗೆ ಮೂಲ ಸರ್ವರ್‌ಗೆ ಮುಗಿಬೀಳುತ್ತವೆ. ರೆಂಡರ್ ಸರ್ವರ್‌ಗಳಿಗೆ ಸ್ಥಳೀಯ ಎನ್‌ವಿಎಂಇ (ವೇಗದ ಡಿಸ್ಕ್) ಇರಲಿ, ಶೇಡರ್‌ಗಳು ಮೊದಲೇ ಕಂಪೈಲ್ ಆಗಿರಲಿ. ಮೊದಲ ಬಾರಿ ಮಾಡೆಲ್ ತೆರೆದಾಗ ಬರುವ ಗಕ್ಕನೆಯ ತಡೆಗೆ ಹೆಚ್ಚಿನಂಶ ಶೇಡರ್ ಕಂಪೈಲೇ ಕಾರಣ.

*

ಕಲ್ಪಲೋಕ:

ಎಲ್ಲರಿಗೂ ಧನ್ಯವಾದ. ಮಾಡೆಲ್‌ಗಳನ್ನು ಇಳಿಸಿ ನೋಡುವುದೇ ಮೊದಲ ಕೆಲಸ ಅಂತಾಯಿತು. ಜನರನ್ನು ಬಿಡುವ ಮುನ್ನ ಇಡೀ ವ್ಯವಸ್ಥೆಯನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

*

ಟಿಕ್‌ರೇಟ್:

ನಿಜವಾದ ಬಳಕೆದಾರರ ಭಂಗಿ ಮತ್ತು ಧ್ವನಿಯ ದಾಖಲೆ ತೆಗೆದುಕೊಂಡು ಅದನ್ನೇ ಮರುನುಡಿಸುವ ಬಾಟ್‌ಗಳನ್ನು ಮಾಡಿ. ನಿಂತಲ್ಲೇ ನಿಂತ ಬಾಟ್ ಏನನ್ನೂ ಪರೀಕ್ಷಿಸುವುದಿಲ್ಲ, ಏಕೆಂದರೆ ಡೆಲ್ಟಾ ಎನ್‌ಕೋಡಿಂಗ್ (ಬದಲಾದದ್ದನ್ನಷ್ಟೇ ಕಳಿಸುವುದು) ಅದನ್ನು ಸೊನ್ನೆಗೆ ಇಳಿಸಿಬಿಡುತ್ತದೆ. 2000 ಬಾಟ್ ಒಟ್ಟಿಗೆ ಬರಲಿ, 5 ನಿಮಿಷದಲ್ಲಿ ಅರ್ಧ ಜನ ರೂಮು ಬದಲಿಸಲಿ. ಆಮೇಲೆ ನೆಟೆಮ್ (ನೆಟ್‌ವರ್ಕ್ ಕೆಡಿಸಿ ನೋಡುವ ಲಿನಕ್ಸ್ ಸಾಧನ) ಹಾಕಿ 0.5 ಶೇಕಡ ನಷ್ಟ, 20 ಮಿಲಿಸೆಕೆಂಡ್ ಜಿಟರ್ (ವಿಳಂಬದ ಏರಿಳಿತ) ಕೊಟ್ಟು ಧ್ವನಿ ಕೇಳಿ, ಚಿತ್ರ ನೋಡಿ. ಬಾಟ್‌ಗಳನ್ನು ಅದೇ ಡೇಟಾ ಸೆಂಟರ್ ಒಳಗೆ ಓಡಿಸಬೇಡಿ, ಹೊರಗಿನ ಲಿಂಕ್ ಪರೀಕ್ಷೆಗೇ ಬರುವುದಿಲ್ಲ.

*

ತಂಪುಸಾಲು:

ಬಾಟ್‌ಗಳು ಪೂರ್ತಿ ಲೋಡ್‌ನಲ್ಲಿರುವಾಗಲೇ ಒಂದು ರ‍್ಯಾಕ್‌ನ ಎ ಫೀಡ್ ಬ್ರೇಕರ್ ಇಳಿಸಿ, 30 ನಿಮಿಷ ಹಾಗೇ ಬಿಡಿ, ಬಿ ಕಡೆಯ ಫೇಸ್‌ವಾರು ಆಂಪಿಯರ್ ಬರೆದುಕೊಳ್ಳಿ. ಅದು ಪಾಸಾದ ಮೇಲೆ ಒಂದು ಇನ್-ರೋ ಕೂಲರ್ ನಿಲ್ಲಿಸಿ, ಫ್ರೇಮ್ ಹೊತ್ತಿನ 99ನೇ ಶತಾಂಶ 11.1 ದಾಟಲು ಎಷ್ಟು ನಿಮಿಷ ಹಿಡಿಯಿತು ನೋಡಿ. ನಿಮ್ಮ ತಾಪಮಾನದ ಅಲಾರಂ ಅದಕ್ಕಿಂತ ಕನಿಷ್ಠ 5 ನಿಮಿಷ ಮೊದಲು ಕೂಗುವಂತೆ ಮಿತಿ ಇಳಿಸಿ.